ನಾಸಿಕ್ ರೋಡಿನ ಸೂಕ್ಷ್ಮ ರೋಬೋಟುಗಳ ಆಯುಧಪೂಜೆ

ಯಂತ್ರವು ಎಷ್ಟೇ ಚಿಕ್ಕದಿರಲಿ, ಕಣ್ಣಿಗೆ ಕಾಣಲಿ ಬಿಡಲಿ, ಪೂಜೆಯಾಗದೆ ಅದನ್ನು ಚಾಲನೆಗೊಳಿಸತಕ್ಕದ್ದಲ್ಲ. ಇದು ಲಿಖಿತ ನಿಯಮವಲ್ಲ. ಆದಕಾರಣ ಇದರಿಂದ ವಿನಾಯಿತಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ನಾಸಿಕ್ ರೋಡಿನ ನಮ್ಮ ‘ಗೋದಾ ಸೂಕ್ಷ್ಮ ಸಂತಾನ ಸಂಶೋಧನ ಕೇಂದ್ರ’ದಲ್ಲಿ ಕಳೆದ ವರ್ಷದ ಆಯುಧಪೂಜೆಯಂದು ನಡೆದದ್ದರ ಬಗ್ಗೆ ಊರಲ್ಲಿ ಬಾಯಿಗೆ ಬಂದಂತೆ ಮಾತಾಡುತ್ತಿದ್ದಾರೆ. ಮೊನ್ನೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಬ್ಬರು ನನ್ನನ್ನೇ ತಡೆದು, ‘ಏನ್ರೀ ಅರವಿಂದರಾಯರ, ನಿಮ್ಮ ಆಫೀಸಿನಾಗ ಅದೇನೋ ಆತಂತಲ್ಲ?’ ಎಂದು ಹಲ್ಲು ಕಿರಿದರು. ಆದುದೆಲ್ಲ ನಿಯಮಾನುಸಾರವೇ ಆಗಿದೆ. ಅದನ್ನು ಸ್ಪಷ್ಟಪಡಿಸಲೆಂದೇ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆ ಈ ವರದಿಯನ್ನು ಕೊಡುತ್ತಿದ್ದೇನೆ.

ನಾನು ಸದರಿ ಕೇಂದ್ರದ ಆಡಳಿತಾಧಿಕಾರಿ. ಊರು ಬಾಗಲಕೋಟೆ. ವರ್ಗಾವಣೆಯ ಮೇಲೆ ಇಲ್ಲಿಗೆ ಬಂದು ಬಹಳ ವರ್ಷವಾಯಿತು, ನನ್ನ ಮಕ್ಕಳು ಮರಾಠಿಯಲ್ಲಿ ಜಗಳಾಡಿ ಕನ್ನಡದಲ್ಲಿ ಊಟ ಕೇಳುತ್ತಾರೆ. ನಿಯಮ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಮಾತೇ ಬರುವುದಿಲ್ಲ ಎಂದು ಮನೆಯಾಕೆ ರಾಧಾಬಾಯಿ ನಾಲ್ಕು ಜನರ ಮುಂದೆ ಹೇಳುತ್ತಾಳೆ. ಅದನ್ನು ನಾನು ಪ್ರಶಂಸೆಯೆಂದೇ ಸ್ವೀಕರಿಸಿದ್ದೇನೆ.

ಮೊದಲು ರೋಬೋಟಿನ ವಿಷಯ ಹೇಳಿಬಿಡುತ್ತೇನೆ. ರೋಬೋಟ್ ಅಂದಕೂಡಲೇ ಕೈ ಜೋಡಿಸಿ ನಮಸ್ಕಾರ ಮಾಡುವ ತಗಡಿನ ಮನುಷ್ಯ ಅಂದುಕೊಳ್ಳಬಾರದು. ಇದು ಕೂದಲೆಳೆಗಿಂತ ಸಣ್ಣಗಿರುವ ಒಂದು ಸುರುಳಿ. ಹೊರಗೆ ಅಯಸ್ಕಾಂತ ತಿರುಗಿಸಿದರೆ ಇದು ದ್ರವದೊಳಗೆ ಸ್ಕ್ರೂ ತಿರುಗಿದ ಹಾಗೆ ತಿರುಗುತ್ತ ಮುಂದೆ ಹೋಗುತ್ತದೆ. ಜೀವವಿದ್ದೂ ನಡೆಯಲಾರದ ವೀರ್ಯಾಣುವಿನ ಬಾಲ ಹಿಡಿದು ಅಂಡದ ಬಾಗಿಲವರೆಗೆ ಬಿಟ್ಟು ಬರುವುದು ಇದರ ಕರ್ತವ್ಯ. ಹೋಗಬೇಕಾದ ದೂರ ಒಂದು ಸಾಸಿವೆ ಕಾಳಿನಷ್ಟು. ಇಂಥವು ನಮ್ಮಲ್ಲಿ ಹದಿನಾರಿದ್ದವು. ಅವುಗಳನ್ನು ನೋಡಿಕೊಳ್ಳುವವರು ಡಾ. ಹರ್ಷಿಣಿ. ಹುಬ್ಬಳ್ಳಿಯ ಬ್ಯಾಂಕಿನವರೊಬ್ಬರ ಮಗಳು, ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವಾಗ ಮಾತ್ರ ಅರ್ಧ ಮರಾಠಿಯಾಗಿ ಬರುತ್ತದೆ.

ಫಲಾನುಭವಿಗಳು ದೇವದಾಸ ಮತ್ತು ಕುಸುಮಾವತಿ. ಕುಂದಾಪುರದ ಕಡೆಯವರು, ಸ್ಟೇಷನ್ ಎದುರಿಗೆ ಶಾಕಾಹಾರಿ ಹೋಟೆಲು ನಡೆಸುತ್ತಾರೆ. ಮದುವೆಯಾಗಿ ಬಹಳ ಕಾಲವಾಗಿದ್ದರೂ ಮಕ್ಕಳಿಲ್ಲ. ಸೂಜಿಯಿಂದ ಮಾಡುವ ಹಳೆಯ ವಿಧಾನವನ್ನು ಬೇರೆ ಬೇರೆ ಊರಲ್ಲಿ ಮಾಡಿಸಿ ಕೈಸೋತು ಬಂದಿದ್ದರು. ತೊಂದರೆ ಏನೆಂದು ಡಾ. ಹರ್ಷಿಣಿ ಚಿತ್ರ ಬರೆದು ವಿವರಿಸಿದಾಗ ದೇವದಾಸರು ತಲೆಯಾಡಿಸಿದರು.

‘ಗೊತ್ತಾಯ್ತು ಡಾಕ್ಟ್ರೆ. ದೋಸೆ ರೆಡಿ ಉಂಟು, ಟೇಬಲಿಗೆ ಕೊಂಡೋಗ್ಲಿಕ್ಕೆ ಮಾಣಿ ಇಲ್ಲ. ಅಷ್ಟೇ ಅಲ್ವಾ?’

‘ಬರೋಬರ್, ಅಂಕಲ್! ಈ ರೋಬೋಟೇ ನಿಮ್ಮ ಮಾಣಿ,’ ಎಂದರು ಹರ್ಷಿಣಿ.

ಕುಸುಮಾವತಿಯವರ ಎರಡು ಅಂಡಗಳು ಹಿಂದೆ ಎಂದೋ ತೆಗೆದು ಶೀತದಲ್ಲಿ ಇಟ್ಟವು ಉಳಿದಿದ್ದವು. ದೇವದಾಸರದ್ದು ಆಪರೇಷನ್ ಮಾಡಿ ತೆಗೆದದ್ದು, ಅದೂ ಎರಡೇ ಪಾಲು. ಇನ್ನು ಮೇಲೆ ಇಬ್ಬರಿಂದಲೂ ಏನೂ ಸಿಗುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಅಂದರೆ ಇರುವುದು ಎರಡು ಅವಕಾಶ, ಮೂರನೆಯದಿಲ್ಲ. ಇದರ ಜೊತೆಗೆ ನಮ್ಮ ಯೋಜನೆಯ ನಿಯಮವೊಂದಿದೆ: ನಲವತ್ತೈದು ತುಂಬಿದ ಮಹಿಳೆಗೆ ಮೊದಲ ಮಗು ಕೊಡಲಾಗುವುದಿಲ್ಲ. ಕುಸುಮಾವತಿಯವರಿಗೆ ಆ ವರ್ಷ ದೀಪಾವಳಿ ಕಳೆದ ವಾರಕ್ಕೆ ನಲವತ್ತೈದು ತುಂಬುವುದಿತ್ತು.

ನಾವು ತಡಮಾಡಲಿಲ್ಲ. ರೋಬೋಟು ಬಂದ ದಿನವೇ ಕಡತ ತೆರೆದೆ. ನಮ್ಮ ಪ್ರಧಾನ ಕಚೇರಿ ಇಲ್ಲಿಂದ ನಾಲ್ಕು ತಾಸಿನ ದಾರಿಯ ಛತ್ರಪತಿ ಸಂಭಾಜಿನಗರದಲ್ಲಿದೆ, ಮಹಾನಿರ್ದೇಶಕರು ಶ್ರೀ ಪ್ರಭಾಕರ ಅವರು. ಕಲಬುರಗಿಯವರು, ನಮ್ಮವರೇ, ಆದರೆ ಕಡತದಲ್ಲಿ ಯಾರೂ ನಮ್ಮವರಲ್ಲ ಎಂಬುದನ್ನು ಅವರಿಂದ ಕಲಿಯಬೇಕು. ಪ್ರತಿಯೊಂದು ಆಸ್ತಿಯ ಮೇಲೆ ಬಿಳಿ ಬಣ್ಣದಲ್ಲಿ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರದಲ್ಲಿ ಕೇಂದ್ರದ ಹೆಸರು, ಸಂಖ್ಯೆ ಬರೆಸಬೇಕೆಂದು ಅವರು ಕೂಡಲೇ ತಿಳಿಸಿದರು. ಪೇಂಟರು ಬಂದ, ಡಬ್ಬಿ ಬಿಚ್ಚಿದ, ‘ಎಲ್ಲಿ ಬರೀಲಿ?’ ಎಂದ. ಹರ್ಷಿಣಿ ಗಾಜಿನ ತಟ್ಟೆ ತೋರಿಸಿದರು. ಅವನು ಬಗ್ಗಿ ನೋಡಿದ, ನನ್ನ ಮುಖ ನೋಡಿದ, ಬ್ರಷ್ ತೊಳೆದುಕೊಂಡ. ಪತ್ರವ್ಯವಹಾರದ ತರುವಾಯ, ಹದಿನಾರು ಸಂಖ್ಯೆಗಳನ್ನೂ ಗೋಡೆಯ ಮೇಲೆ ಬರೆದು, ರೋಬೋಟುಗಳ ಕಡೆಗೆ ಹದಿನಾರು ಬಾಣ ಹಾಕುವುದೆಂದು ತೀರ್ಮಾನವಾಯಿತು. ಹರ್ಷಿಣಿ ತಟ್ಟೆಯನ್ನು ಮೇಜಿನ ಆ ಕಡೆಯಿಂದ ಈ ಕಡೆಗೆ ಇಟ್ಟರೆಂದರೆ ಪೇಂಟರನ್ನು ಮತ್ತೆ ಕರೆಸಬೇಕಾಗುತ್ತಿತ್ತು.

ಆಮೇಲೆ ಇನ್ನೊಂದು ಆಕ್ಷೇಪಣೆ ಬಂತು. ಸದರಿ ಯಂತ್ರವು ಪ್ರಯಾಣಿಕರನ್ನು ಒಯ್ಯುವುದರಿಂದ ಅದು ವಾಹನವಾಗುತ್ತದೆ, ಆದ್ದರಿಂದ ಪರವಾನಗಿ ಎಲ್ಲಿ? ದೂರ ಸಾಸಿವೆ ಕಾಳಿನಷ್ಟೆಂದು ಹರ್ಷಿಣಿ ಉತ್ತರ ಬರೆದರು. ದೂರ ಮುಖ್ಯವಲ್ಲ, ಪ್ರಯಾಣವು ಅಂತರಜಿಲ್ಲೆಯದೋ ಅಲ್ಲವೋ ಎಂಬುದನ್ನು ಖಚಿತಪಡಿಸಿ ಎಂದು ಮರುತ್ತರ ಬಂತು. ಪ್ರಯಾಣವು ಒಬ್ಬಳೇ ಮಹಿಳೆಯ ವ್ಯಾಪ್ತಿಯೊಳಗೇ ಮುಗಿಯುತ್ತದೆಂದು ನಾನು ಪ್ರಮಾಣೀಕರಿಸಿ ಕಳಿಸಿದೆ.

ಈ ಅವಧಿಯಲ್ಲಿ ಕುಸುಮಾವತಿಯವರು ದಿನಾ ಮಧ್ಯಾಹ್ನ ಬನ್ಸು, ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. ಬಂದವರು ಗೋಡೆಯ ಬಾಣಗಳನ್ನೇ ನೋಡುತ್ತ ಕೂರುತ್ತಿದ್ದರು.

‘ಅಲ್ಲ ಅರವಿಂದಣ್ಣ, ಈ ಬಣ್ಣ ಒಣಗುವುದರೊಳಗೆ ನನ್ನ ಮುಟ್ಟು ನಿಲ್ತದೆ, ಆಯ್ತಾ,’ ಎಂದರು ಒಂದು ದಿನ.

‘ಹಂಗ್ಯಾಕಂತೀರಿ ಅಕ್ಕಾವ್ರ? ಕಡತ ಓಡಾಕತ್ತೈತಿ.’

‘ಕಡತ ಓಡ್ತದೆ, ನಮ್ಮವರದ್ದು ಓಡುವುದಿಲ್ಲ. ಎಂಥ ಕರ್ಮ ಮಾರಾಯ್ರೆ!’ ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಕರುಳು ಚುರುಕ್ ಅಂದಿತು. ಆದರೆ ಕರುಳಿನ ಆಧಾರದ ಮೇಲೆ ಮಂಜೂರಾತಿ ಕೊಡುವ ಕ್ರಮ ಇಲ್ಲ, ಬನ್ಸು ತಿಂದು ನೆನಪೋಲೆಯೊಂದನ್ನು ಕಳಿಸಿದೆ.

ನವರಾತ್ರಿ ಶುರುವಾದ ಮೇಲೆ ಮಂಜೂರಾತಿ ಬಂತು. ಮಹಾನಿರ್ದೇಶಕರು ಸಂಭಾಜಿನಗರದಿಂದಲೇ ವೀಡಿಯೊ ಮೂಲಕ ಗುಂಡಿ ಒತ್ತಿ ಉದ್ಘಾಟಿಸತಕ್ಕದ್ದು. ಗುಂಡಿ ಒತ್ತಿದ ಕ್ಷಣವೇ ರೋಬೋಟು ಹೊರಡತಕ್ಕದ್ದು. ಆದ್ದರಿಂದ ಪ್ರಯಾಣಿಕರನ್ನು ಮುಂಚಿತವಾಗಿ ಹತ್ತಿಸಿ ಸಿದ್ಧವಾಗಿಟ್ಟಿರತಕ್ಕದ್ದು ಎಂಬ ಷರತ್ತುಗಳಿದ್ದವು. ದಿನ ಆಯುಧಪೂಜೆ. ಇಂಥ ಮುಹೂರ್ತ ಕೇಳಿದರೂ ಸಿಗುವುದಿಲ್ಲವೆಂದು ನನಗೆ ಬಹಳ ಸಂತೋಷವಾಯಿತು. ಪಂಚವಟಿಯಿಂದ ಭಟ್ಟರನ್ನು ಗೊತ್ತುಮಾಡಿದೆ.

ಅಂದು ಬೆಳಿಗ್ಗೆ ಹರ್ಷಿಣಿ ಒಂದು ಪಾಲನ್ನು ಶೀತದಿಂದ ತೆಗೆದು, ಹದಿನಾರು ರೋಬೋಟಿಗೂ ಒಬ್ಬೊಬ್ಬ ಪ್ರಯಾಣಿಕನನ್ನು ಹತ್ತಿಸಿ, ತಟ್ಟೆಯನ್ನು ಬೆಚ್ಚಗೆ ಇಟ್ಟಿದ್ದರು. ಒಂದು ಅಂಡವೂ ಸಿದ್ಧವಾಗಿತ್ತು. ಪೂಜೆಯ ವಿಷಯ ತೆಗೆದಾಗ ಮಾತ್ರ ಆ ಹುಡುಗಿ ಎಲ್ಲದಕ್ಕೂ ಬೇಡ ಅಂದಳು. ಕುಂಕುಮ ಬೇಡ, ಅಕ್ಷತೆ ಬೇಡ, ಊದುಬತ್ತಿ ಬೇಡ, ಕಾಯಿ ಒಡೆಯುವುದು ಬೇಡವೇ ಬೇಡ. ಗಾಲಿಯಡಿ ನಿಂಬೆಹಣ್ಣು ಇಡೋಣವೆಂದರೆ ಗಾಲಿಯೇ ಇಲ್ಲ. ‘ಹಂಗಾದ್ರ ಇದೆಂಥಾ ಪೂಜಾ ತಂಗಿ?’ ಎಂದು ನಾನು ದನಿಯೇರಿಸಬೇಕಾಯಿತು. ಕೊನೆಗೆ, ಚೊಕ್ಕಟವಾಗಿ ತೊಳೆದ ಒಂದು ಗಣಪತಿಯನ್ನು ತಟ್ಟೆಯಿಂದ ದೂರ ಇಟ್ಟುಕೊಂಡು ಕೈ ಮುಗಿಯಬಹುದು ಎಂದಳು.

ದೇವದಾಸರು ಓಡಿಹೋಗಿ ತಮ್ಮ ವ್ಯಾನಿನೊಳಗಿನ ಗಣಪತಿಯನ್ನೇ ಎತ್ತಿಕೊಂಡು ಬಂದರು. ಹೋಟೆಲಿಗೆ ಘೋಟಿಯಿಂದ ಅಕ್ಕಿ ತರುವ ವ್ಯಾನು ಅದು. ಸ್ಟಿಯರಿಂಗ್ ಎದುರಿಗೆ ಕೂರುವ ಗೇಣುದ್ದದ ಹಿತ್ತಾಳೆಯ ಗಣಪತಿ, ಕಾಲ ಬುಡದಲ್ಲಿ ಇಲಿ.

‘ಕಸಾರಾ ಘಾಟಿಯಲ್ಲಿ ಬ್ರೇಕ್ ಹೋದಾಗ ಹಿಡಿದು ನಿಲ್ಲಿಸಿದವ ಇವನೇ. ಸ್ಪಿರಿಟ್‌ನಲ್ಲಿ ತೊಳೆದಿದ್ದೇನೆ ಡಾಕ್ಟ್ರೆ,’ ಎಂದರು.

ಹರ್ಷಿಣಿ ಉಷ್ಣಮಾಪಕ ನೋಡುತ್ತಲೇ ‘ಚಾಲೇಲ್, ಆಗತ್ತೆ, ದೂರ ಇಡಿ’ ಎಂದಳು. ಗುಂಡಿ ಬಿದ್ದ ರಸ್ತೆಯಲ್ಲಿ ಅಷ್ಟು ವರ್ಷ ಆ ಗಣಪತಿ ಅಲ್ಲಾಡದೆ ಹೇಗೆ ಕೂತಿದ್ದ ಎಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲ.

ಮಹಾನಿರ್ದೇಶಕರು ಪರದೆಯ ಮೇಲೆ ಬಂದರು. ಸಂತಾನ, ಸಂಸ್ಕೃತಿ, ಸುರುಳಿ ಎಂಬ ಮೂರು ವಿಷಯಗಳ ಮೇಲೆ ಮಾತಾಡಿದರು. ಮಾತು ಮುಗಿಯುವಷ್ಟರಲ್ಲಿ ಹರ್ಷಿಣಿ ಎರಡು ಸಲ ತಟ್ಟೆ ಬೆಚ್ಚಗೆ ಮಾಡಿದಳು. ಆಮೇಲೆ ಅವರು ಪರದೆಗೆ ಮುಖ ಹತ್ತಿರ ತಂದು, ‘ಅರವಿಂದ, ಅದೇನ್ರೀ, ದೇವರೊಂದು ಕಡೆ ಯಂತ್ರೊಂದು ಕಡೆ? ಪಾದಕ್ಕ ಮುಟ್ಟಸ್ರಿ ಮೊದಲ. ಆಮ್ಯಾಲ ನಾ ಗುಂಡಿ ಒತ್ತತೀನಿ,’ ಎಂದು ಆದೇಶಿಸಿದರು.

ಆದೇಶ ಮೌಖಿಕವಾಗಿತ್ತು, ಆದರೆ ವೀಡಿಯೊ ಇದ್ದುದರಿಂದ ಲಿಖಿತಕ್ಕೆ ಸಮಾನ. ನಾನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮುಚ್ಚಳ ಸರಿಸಿ, ಗಣಪತಿಯ ಪಾದಕ್ಕೆ ಮುಟ್ಟುವಷ್ಟು ಭಕ್ತಿಯಿಂದ ವಾಲಿಸಿದೆ. ‘ಸರ್, ನಕೋ! ಬೇಡ!’ ಎಂದು ಹರ್ಷಿಣಿ ಕೂಗಿದ್ದು ಮಹಾನಿರ್ದೇಶಕರ ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ದ್ರವವು ಒಂದಿಷ್ಟು ಪಾದದ ಮೇಲೆ ಹರಿಯಿತು. ಗಣಪತಿಯ ಪೀಠದಡಿ ರೂಪಾಯಿಯಗಲದ ಒಂದು ಬಲವಾದ ಅಯಸ್ಕಾಂತವಿತ್ತು. ಅದು ಇರುವುದರಿಂದಲೇ ಅವನು ವ್ಯಾನಿನಲ್ಲಿ ಕೂರುತ್ತಿದ್ದ. ಹರ್ಷಿಣಿ ಗಣಪತಿಯನ್ನೇ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಹದಿನಾರೂ ರೋಬೋಟುಗಳು ಪ್ರಯಾಣಿಕರ ಸಮೇತ ಇಲಿಯ ಬೆನ್ನ ಮೇಲೆ ಸಾಲಾಗಿ ಅಂಟಿದ್ದವು. ತಟ್ಟೆಯಲ್ಲಿ ಒಂದೂ ಇರಲಿಲ್ಲ.

‘ಇನ್ನೂ ಜೀವ ಇದೆ,’ ಎಂದಳು ಹರ್ಷಿಣಿ. ‘ಲವ್ಕರ್, ಬೇಗ! ಈಗಲೇ ತೊಳೆದು ಇಳಿಸಿಕೊಂಡರೆ ಆಗತ್ತೆ. ಸಂಜೆತನಕ ಮಾತ್ರ ಬದುಕ್ತಾವೆ.’

ನಾನು ಭಟ್ಟರ ಕಡೆ ನೋಡಿದೆ. ದೇವರಿಗೆ ಮುಟ್ಟಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದೆ. ‘ತೆಗೆದುಕೊಳ್ಳಿ ಮಹಾರಾಜ, ದೇವರಿಗೆ ಇದನ್ನೆಲ್ಲ ಇಟ್ಟುಕೊಂಡು ಏನಾಗಬೇಕಿದೆ? ಅವನ ಅಭ್ಯಂತರವಿಲ್ಲ, ಒರೆಸಿಕೊಳ್ಳಿ,’ ಎಂದು ಭಟ್ಟರು ಮರಾಠಿಯಲ್ಲಿ ಹೇಳಿದರು.

‘ದೇವರ ಅಭ್ಯಂತರ ಇಲ್ಲದಿರಬಹುದು. ನನ್ನ ಅಭ್ಯಂತರ ಅದಾ,’ ಎಂದರು ಪರದೆಯ ಮೇಲಿನ ಮಹಾನಿರ್ದೇಶಕರು. ‘ಕೇಂದ್ರದ ಆಸ್ತಿ ಖಾಸಗಿ ಮೂರ್ತಿ ಮ್ಯಾಲ ಹೋಗ್ಯಾದ. ನಾಳೆ ತಪಾಸಣಿ ಬಂದ್ರ ಯಾರು ಉತ್ತರ ಕೊಡ್ತೀರಿ? ಸಮಿತಿ ನೋಡೋತನಕ ಯಥಾಸ್ಥಿತಿ ಕಾಪಾಡ್ರಿ. ಮೂರ್ತೀನ ಇಲ್ಲೇ ತಗೊಂಡು ಬರ್ರಿ.’

‘ಸಂಭಾಜಿನಗರಕ್ಕಾ?’ ಎಂದು ಕುಸುಮಾವತಿಯವರು ಕೇಳಿದರು. ‘ಅಯ್ಯೋ ದೇವರೇ, ಅಂಡ ಇಲ್ಲೇ ಉಂಟಲ್ಲ! ಕೈಗೆಟುಕುವ ಹಾಗೆ ಉಂಟಲ್ಲ ಸ್ವಾಮಿ!’

‘ಅಂಡದ ವಿಷಯಕ್ಕ ಬೇರೆ ಕಡತ ಅದಾ,’ ಎಂದು ಮಹಾನಿರ್ದೇಶಕರು ಪರದೆಯಿಂದ ಮರೆಯಾದರು.

ಹೊರಟೆವು. ಗಣಪತಿ ವ್ಯಾನಿನಲ್ಲಿ ತನ್ನ ಜಾಗದಲ್ಲೇ ಕೂತ. ಹರ್ಷಿಣಿ ಬೆಚ್ಚಗಿನ ದ್ರವ ತುಂಬಿದ ಥರ್ಮಾಸು ಹಿಡಿದುಕೊಂಡು, ಇಲಿಯ ಬೆನ್ನಿನ ಮೇಲೆ ಗಾಜಿನ ನಳಿಕೆಯಿಂದ ತೊಟ್ಟು ತೊಟ್ಟಾಗಿ ಬಿಡುತ್ತ ಬಂದಳು. ಯೇವಲಾದಲ್ಲಿ ರೈಲ್ವೆ ಗೇಟು ಬಿದ್ದಾಗ ಜನ ವ್ಯಾನಿನೊಳಗೆ ಅಭಿಷೇಕ ನಡೆಯುವುದನ್ನು ಕಂಡು ಕೈ ಮುಗಿದರು, ಒಬ್ಬಾಕೆ ಚೆಂಡು ಹೂವಿನ ಮಾಲೆ ಒಳಗೆ ಹಾಕಿದಳು. ಕುಸುಮಾವತಿಯವರು ಬಿಸಿಲು ಬೀಳದಂತೆ ಎರಡೂ ಕೈಯನ್ನು ಗಣಪತಿಗೆ ಅಡ್ಡ ಹಿಡಿದಿದ್ದರು. ಹೊತ್ತು ಮೀರುತ್ತಿದೆಯೆಂದು ದೇವದಾಸರು ಜೋರಾಗಿ ಓಡಿಸುತ್ತಿದ್ದರು. ವೈಜಾಪುರದ ಹತ್ತಿರ ಒಂದು ಹಂಪಿನ ಮೇಲೆ ವ್ಯಾನು ಎಗರಿತು.

‘ಮೆಲ್ಲ ಓಡಿಸಿ!’ ಎಂದು ಕುಸುಮಾವತಿಯವರು ಚೀರಿದರು. ‘ಮಕ್ಕಳಿದ್ದಾರೆ ಮಾರಾಯ್ರೆ!’

ಆ ಹೇಳಿಕೆ ತಾಂತ್ರಿಕವಾಗಿ ಸರಿಯಲ್ಲ. ಆದರೂ ಯಾರೂ ತಿದ್ದಲಿಲ್ಲ. ದೇವದಾಸರು ಮೆಲ್ಲ ಓಡಿಸಿದರು.

ಪ್ರಧಾನ ಕಚೇರಿಗೆ ಅಂದು ಹಬ್ಬದ ರಜೆ. ಮಹಾನಿರ್ದೇಶಕರು ಸನ್ಮಾನವೊಂದಕ್ಕೆ ಹೋಗಿದ್ದರು. ನಾವು ಕಾಂಪೌಂಡಿನ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿ ಕಾದೆವು. ಥರ್ಮಾಸು ಖಾಲಿಯಾಗುತ್ತ ಬಂತು. ಅವರು ಬಂದಾಗ ಹೊತ್ತು ಇಳಿದಿತ್ತು, ಕೊರಳಲ್ಲಿ ಶಾಲು ಇತ್ತು. ಸಮಿತಿಯ ಉಳಿದಿಬ್ಬರು ಸದಸ್ಯರು ಊರಲ್ಲಿಲ್ಲದ ಕಾರಣ ಅವರ ಪರವಾಗಿಯೂ ತಾವೇ ಹಾಜರಿದ್ದು, ಹರ್ಷಿಣಿ ಜೊತೆಗೆ ತಂದು ಜೋಡಿಸಿಟ್ಟ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ.

‘ಹದಿನಾರಕ್ಕ ಹದಿನಾರೂ ಅದಾವ,’ ಎಂದರು. ‘ಯೋಜನಾದಾಗ ಏನ್ ಬರ್ದದ ಓದ್ರಿ ಅರವಿಂದ.’

‘ರೋಬೋಟುಗಳು ಪ್ರಯಾಣಿಕರ ಸಹಿತವಾಗಿ ಗಮ್ಯಸ್ಥಾನವನ್ನು ತಲುಪತಕ್ಕದ್ದು’ ಎಂದು ಓದಿದೆ.

‘ಗಮ್ಯಸ್ಥಾನ ಅಂದ್ರ ಯಾವುದು ಅಂತ ಬರ್ದದೇನು?’

‘ಇಲ್ರೀ ಸರ್.’

‘ಮತ್ತ? ತಲಪ್ಯಾವ. ಸಾಸಿವೆ ಕಾಳಿನಷ್ಟು ಹೋಗ್ಲಿಕ್ಕೆ ಮಾಡಿದ ಯಂತ್ರ, ನಾಸಿಕದಿಂದ ಸಂಭಾಜಿನಗರ ಮುಟ್ಯದ. ಒಬ್ಬ ಪ್ರಯಾಣಿಕನೂ ಕೆಳಗ ಬಿದ್ದಿಲ್ಲ. ಇಂಥಾ ಸಾಧನಾ ಮತ್ತೆಲ್ಲಿ ಅದಾ ಹೇಳ್ರಿ!’ ಎಂದು ಕೊರಳ ಶಾಲನ್ನು ತೆಗೆದು ದೇವದಾಸರಿಗೆ ಹೊದಿಸಿದರು.

ಹರ್ಷಿಣಿ ಮಹಾನಿರ್ದೇಶಕರನ್ನು ಸರಿಸಿ ತಾನು ನೋಡಿದಳು. ಆಮೇಲೆ ಸೂಕ್ಷ್ಮದರ್ಶಕದ ದೀಪ ಆರಿಸಿ, ‘ಝಾಲಂ, ಮುಗೀತು. ಯಾರೂ ಅಲ್ಲಾಡ್ತಾ ಇಲ್ಲ ಆಂಟಿ,’ ಎಂದಳು. ಕುಸುಮಾವತಿಯವರು ವ್ಯಾನಿನ ಬಾಗಿಲಿಗೆ ಹಣೆ ಒತ್ತಿಕೊಂಡು ಅತ್ತರು. ಸಣ್ಣಗೆ ಅಲ್ಲ, ಬಾಯಿ ಬಿಟ್ಟು ಅತ್ತರು. ‘ಬೆಳಿಗ್ಗೆ ಬದುಕಿದ್ರು, ಕೈಯಳತೆಯಲ್ಲಿ ಇದ್ರು, ನೀವೆಲ್ಲ ಸೇರಿ ಕೊಂದುಹಾಕಿದ್ರಿ,’ ಎಂದರು. ಶಾಲು ಹೊದ್ದ ದೇವದಾಸರು ಅವರ ಬೆನ್ನು ಸವರುತ್ತ ನಿಂತಿದ್ದರು. ಈ ಮಾತನ್ನು ಕುಟುಂಬದವರ ಭಾವುಕ ಅಭಿಪ್ರಾಯವೆಂದು ಪರಿಗಣಿಸಲಾಯಿತು.

ಮರುದಿನ ಪ್ರಕಟಣೆ ಹೊರಟಿತು: ‘ಸಹಾಯಕ ಸಂತಾನೋತ್ಪತ್ತಿ ಕ್ಷೇತ್ರದಲ್ಲಿ ಅಂತರಜಿಲ್ಲಾ ಮಟ್ಟದ ಪ್ರಥಮ ಯಶಸ್ವಿ ಸಾಗಣೆ.’

ದೀಪಾವಳಿ ಬಂತು, ಹೋಯಿತು. ಕುಸುಮಾವತಿಯವರಿಗೆ ನಲವತ್ತೈದು ತುಂಬಿತು. ಶೀತದಲ್ಲಿ ಇನ್ನೊಂದು ಅಂಡ, ಇನ್ನೊಂದು ಪಾಲು ಹಾಗೆಯೇ ಇತ್ತು. ಇದ್ದರೂ ನಿಯಮ ನಿಯಮವೇ. ದಂಪತಿಗಳು ಬಂದು ಕೇಳಿದಾಗ ನಾನು ಅದನ್ನೇ ಹೇಳಬೇಕಾಯಿತು. ಆದರೆ ಯಾರೂ ನನ್ನನ್ನು ನಿರ್ದಯಿ ಅನ್ನಬಾರದು. ನಾನೇ ಪ್ರಧಾನ ಕಚೇರಿಯ ಸುತ್ತೋಲೆಗಳನ್ನೆಲ್ಲ ಹುಡುಕಿ ಒಂದು ದಾರಿ ಕಂಡುಹಿಡಿದೆ. ಯೋಜನೆಯಡಿ ಮೊದಲ ಮಗು ಪಡೆದ ಯಶಸ್ವಿ ತಾಯಿಗೆ, ಎರಡನೆಯ ಮಗುವಿಗಾಗಿ ವಯೋಮಿತಿಯಲ್ಲಿ ಒಂದು ವರ್ಷದ ವಿನಾಯಿತಿ ಇದೆ.

‘ಮೊದಲನೇದೇ ಇಲ್ವಲ್ಲ?’ ಎಂದರು ದೇವದಾಸರು.

‘ಐತ್ರೀ,’ ಎಂದೆ. ‘ಕಾಗದದಾಗ ನಿಮ್ಮ ಪ್ರಕರಣ ಯಶಸ್ವಿ. ಸಾಗಣೆ ಯಶಸ್ವಿ ಅಂದ್ರ ಒಂಬತ್ತು ತಿಂಗಳಿಗೆ ಕೂಸು ಬರಬೇಕು. ಬಂದದ ಅಂತ ನೀವು ಒಪ್ಪಿದ್ರ, ಎರಡನೇದಕ್ಕ ಹಾದಿ ತೆರೀತದ.’

‘ಯಾವ ಕೂಸು?’ ಎಂದರು ಕುಸುಮಾವತಿ.

ಹದಿನಾರು ರೋಬೋಟುಗಳು ಯಾವ ಗಮ್ಯಸ್ಥಾನವನ್ನು ತಲುಪಿವೆಯೋ ಅದನ್ನೇ, ಅಂದರೆ ಗಣಪತಿಯನ್ನೇ, ಪ್ರತಿನಿಧಿ ಶಿಶುವೆಂದು ಪರಿಗಣಿಸಲು ಪ್ರಧಾನ ಕಚೇರಿ ಒಪ್ಪಿದೆ ಎಂದು ತಿಳಿಸಿದೆ. ಕುಸುಮಾವತಿಯವರು ಎದ್ದು ನಿಂತರು. ನನ್ನ ಮೇಜಿನ ಮೇಲೆ ತಾವೇ ತಂದಿಟ್ಟ ಬನ್ಸಿನ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡರು. ‘ನಾಚಿಕೆ ಆಗುವುದಿಲ್ವಾ ನಿಮಗೆ? ಹೆಣದ ಮೇಲೆ ತೊಟ್ಟಿಲು ಕಟ್ತೀರಲ್ಲ! ನಿಮ್ಮ ಮನೆ ಮಕ್ಕಳಿಗೆ ಹೀಗೆ ಮಾಡಿದ್ರೆ ಸುಮ್ಮನಿರ್ತಿದ್ರಾ?’ ಎಂದರು. ಕಚೇರಿಯ ಅವಧಿಯಲ್ಲಿ ಯಾರೂ ನನ್ನ ಮೇಲೆ ಹಾಗೆ ಕೂಗಿದ್ದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಬಂದರು. ಒಬ್ಬರೇ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ನನ್ನ ಮುಖ ನೋಡದೆ ಕೇಳಿದರು: ‘ತೊಟ್ಟಿಲು ನಾವು ತರ್ಬೇಕಾ, ಆಫೀಸಿನವರು ಕೊಡ್ತಾರಾ?’

ಆಫೀಸಿನವರು ಕೊಡುವುದೆಂದು ಹೇಳಿದೆ.

ಒಂಬತ್ತು ತಿಂಗಳಿಗೆ ಸರಿಯಾಗಿ ನಾಮಕರಣ ನಡೆಯಿತು. ಸಂಭಾಜಿನಗರದಿಂದ ಮಹಾನಿರ್ದೇಶಕರು ಖುದ್ದಾಗಿ ಬಂದರು. ನೋಟು ಮುದ್ರಿಸುವ ಪ್ರೆಸ್ಸಿನ ಕ್ವಾರ್ಟರ್ಸಿನಿಂದ, ಹೋಟೆಲಿನವರ ಮನೆಗಳಿಂದ ಹೆಂಗಸರು ಬಂದು ಜೋಗುಳ ಹಾಡಿದರು. ಗಣಪತಿಗೆ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಲಾಯಿತು. ತೂಕ ಬರೆಯಬೇಕಿತ್ತು. ಹರ್ಷಿಣಿ ಒಪ್ಪುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಅವಳು ತಕ್ಕಡಿ ತಂದಳು. ‘ಬರೀರಿ ಸರ್, ಏನು ಬೇಕೋ ಬರೀರಿ. ಎರಡನೇದು ಆಗಬೇಕು, ಬಸ್,’ ಎಂದಳು. ಹಿತ್ತಾಳೆಯಾದುದರಿಂದ ತೂಕ ಉತ್ತಮವಾಗಿತ್ತು.

ಹೆಸರು ಏನಿಡುವುದೆಂದು ಕೇಳಿದಾಗ ಕುಸುಮಾವತಿಯವರು ಒಂದಿಷ್ಟೂ ಯೋಚಿಸದೆ, ‘ತನ್ಮಯ’ ಎಂದರು. ದೇವದಾಸರು ಗಕ್ಕನೆ ಹೆಂಡತಿಯ ಮುಖ ನೋಡಿದರು. ಅವರಿಗೂ ಆ ಹೆಸರು ಅಂದೇ ಗೊತ್ತಾದದ್ದೆಂದು ತೋರುತ್ತದೆ. ತೊಟ್ಟ ಬಟ್ಟೆ, ತೊಟ್ಟಿಲು ಸಮೇತ ಶಿಶುವನ್ನು ತಾಯಿಯ ಸುಪರ್ದಿಗೆ ಕೊಟ್ಟೆವು. ರೋಬೋಟುಗಳು ಕೇಂದ್ರದ ಆಸ್ತಿಯಾದುದರಿಂದ ತಿಂಗಳಿಗೊಮ್ಮೆ ತಪಾಸಣೆಗೆ ತರತಕ್ಕದ್ದೆಂದು ಷರತ್ತು ಹಾಕಿದೆವು.

ಅವರು ತಪ್ಪದೆ ತರುತ್ತಿದ್ದರು. ಮೊದಮೊದಲು ಗಣಪತಿಯನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು, ಮೇಜಿನ ಮೇಲೆ ಠಕ್ಕೆಂದು ಇಟ್ಟು, ‘ನೋಡಿಕೊಳ್ಳಿ ನಿಮ್ಮ ಆಸ್ತಿ’ ಅನ್ನುತ್ತಿದ್ದರು. ಆಮೇಲೆ ಸೆರಗಿನಲ್ಲಿ ಸುತ್ತಿಕೊಂಡು ಬರತೊಡಗಿದರು. ಹೋಟೆಲಿನಲ್ಲಿ ಕುಸುಮಾವತಿಯವರು ಕೂರುತ್ತಿದ್ದ ಕ್ಯಾಶ್ ಕೌಂಟರಿನಲ್ಲಿ ಈಗ ದೇವದಾಸರ ತಮ್ಮನ ಹೆಂಡತಿ ಕೂರುತ್ತಾಳೆ, ಅತ್ತಿಗೆಗೆ ಪುರುಸೊತ್ತಿಲ್ಲ ಎಂದು ಯಾರೋ ಹೇಳಿದರು.

ಎರಡನೆಯ ಮಗುವಿನ ಅರ್ಜಿಗೆ ಮೊದಲ ಮಗುವಿನ ಲಸಿಕೆ ಆಗಿರತಕ್ಕದ್ದೆಂಬ ನಿಯಮವಿತ್ತು. ಅದನ್ನೂ ಮಾಡಿಸಿದರು. ಆರೋಗ್ಯ ಕೇಂದ್ರದ ಸಿಸ್ಟರು ಎರಡು ಹನಿ ಬಾಯಿಗೆ ಬಿಟ್ಟು, ಸೂಜಿ ಚುಚ್ಚಲು ಜಾಗವಿಲ್ಲದ ಕಾರಣ ಚುಚ್ಚಿದಂತೆ ಭಾವಿಸಿ ಸಹಿ ಹಾಕಿದರಂತೆ. ಎಲ್ಲ ಸರಿಯಾಯಿತು. ಅರ್ಜಿ ಮಂಜೂರಾಯಿತು. ಹರ್ಷಿಣಿ ಹೊಸ ರೋಬೋಟು ತರಿಸಿಕೊಂಡಳು; ಕೋಣೆಗೆ ಕಬ್ಬಿಣದ ಚಮಚವೂ ಬರದಂತೆ ಬಾಗಿಲಲ್ಲಿ ತಾನೇ ನಿಲ್ಲುವೆನೆಂದಳು. ಈ ಸಲ ಎಲ್ಲವೂ ತಟ್ಟೆಯಲ್ಲಲ್ಲ, ಕುಸುಮಾವತಿಯವರ ಗರ್ಭದೊಳಗೇ ನಡೆಯುವುದೆಂದು ದಿನ ನಿಶ್ಚಯವಾಯಿತು. ಮರುವಾರ ಕುಸುಮಾವತಿಯವರ ಹುಟ್ಟಿದ ದಿನ, ಅದರೊಂದಿಗೆ ವಿನಾಯಿತಿ ಮುಗಿಯುತ್ತಿತ್ತು.

ಆ ದಿನ ಬೆಳಿಗ್ಗೆ ಇಬ್ಬರೂ ಬಂದರು. ಕುಸುಮಾವತಿಯವರ ತೋಳಲ್ಲಿ ತನ್ಮಯ ಇದ್ದ, ಮೇಲೆ ಟರ್ಕಿ ಟವೆಲು ಹೊದಿಸಿದ್ದರು. ಹರ್ಷಿಣಿ ಒಳಗೆ ಎಲ್ಲ ಸಿದ್ಧಪಡಿಸಿಕೊಂಡು, ಇನ್ನೇನು ಶೀತದ ಪೆಟ್ಟಿಗೆ ತೆರೆಯಬೇಕೆಂದು ಕೈಗವಸು ಹಾಕಿ ನಿಂತಿದ್ದಳು. ನನ್ನ ಕರ್ತವ್ಯವೆಂದು ನಾನು ಕೇಳಿದೆ: ‘ನೀವು ಒಳಗ ಇರೂ ಹೊತ್ತಿನಾಗ ದೊಡ್ಡವನನ್ನ ಯಾರು ನೋಡ್ಕೋತಾರ್ರೀ?’

‘ಇವತ್ತು ಬೇಡ ಅರವಿಂದಣ್ಣ,’ ಎಂದರು ಕುಸುಮಾವತಿ. ‘ನಿನ್ನೆ ಇನ್ನೊಂದು ಲಸಿಕೆ ಹಾಕಿಸಿದ್ದಲ್ವಾ? ಬೆಳಿಗ್ಗೆಯಿಂದ ಮೈ ಬಿಸಿ ಉಂಟು. ಇವನನ್ನು ಹೀಗೆ ಬಿಟ್ಟು ನಾನು ಒಳಗೆ ಹೋಗಿ ಮಲಗುವುದು ಹೇಗೆ?’

ಇವತ್ತಿನ ದಿನ ತಪ್ಪಿದರೆ ಮುಂದಿನ ದಿನ ವಿನಾಯಿತಿಯ ಆಚೆಗೆ ಬೀಳುತ್ತದೆ, ಆಮೇಲೆ ಆ ಅಂಡ, ಆ ಪಾಲು ಎರಡನ್ನೂ ವಿಲೇವಾರಿ ಮಾಡಬೇಕಾಗುತ್ತದೆ ಎಂದು ನಾನು ಎರಡು ಸಲ ಬಿಡಿಸಿ ಹೇಳಿದೆ. ‘ಆಂಟಿ, ಪ್ಲೀಜ್,’ ಎಂದಳು ಹರ್ಷಿಣಿ. ದೇವದಾಸರು ಹೆಂಡತಿಯ ಕಡೆ ನೋಡಿದರು. ಆಮೇಲೆ ಟವೆಲಿನೊಳಗೆ ಕೈ ಹಾಕಿ ಗಣಪತಿಯ ಹಣೆ ಮುಟ್ಟಿ ನೋಡಿದರು.

‘ಬಿಸಿ ಉಂಟು,’ ಎಂದರು.

ವ್ಯಾನಿನಲ್ಲಿ ಬಿಸಿಲಿಗೆ ಕೂತು ಬಂದ ಹಿತ್ತಾಳೆ ಅದು. ನಿಯಮದ ಪ್ರಕಾರ ನಾನೂ ಮುಟ್ಟಿ ಪರಿಶೀಲಿಸಬೇಕಾಗಿತ್ತು, ಮುಟ್ಟಿದೆ. ‘ಹೌದ್ರೀ,’ ಎಂದೆ.

ಹರ್ಷಿಣಿ ಕೈಗವಸು ಬಿಚ್ಚಿಟ್ಟು, ತನ್ನ ಚೀಟಿಯ ಮೇಲೆ ಜ್ವರದ ಸಿರಪ್ ಬರೆದಳು. ದಿನಕ್ಕೆ ಮೂರು ಸಲ, ಅರ್ಧ ಚಮಚ. ಹಾಲು ಕುಡಿದ ಮೇಲೆ ಕೊಡಬೇಕಾ, ಮುಂಚೆಯಾ ಎಂದು ಕುಸುಮಾವತಿಯವರು ಕೇಳಿದರು. ಕುಡಿದ ಮೇಲೆ ಎಂದು ಹರ್ಷಿಣಿ ಹೇಳಿದಳು.